ಗುರುಲಿಂಗನಿಗೆ ಕೇಳಿಸದ ಹಾಡು

ಗೋವಾದ ವಾಸ್ಕೋ ಬಂದರಿನ ಪಕ್ಕ, ಸಡಾದ ಗುಡ್ಡದ ಮೇಲಿನ ಓಣಿಯಲ್ಲಿ ಯಲ್ಲವ್ವನ ಹಾಡು ಕೇಳದವರು ಯಾರಿದ್ದಾರೆ ಹೇಳಿ? ಪಕ್ಕದ ಮನೆಯ ದ್ರಾಕ್ಷಾಯಿಣಿ ಕೇಳಿದ್ದಾಳೆ. ನಳದ ಪಾಳಿಯಲ್ಲಿ ನಿಲ್ಲುವ ಹೆಂಗಸರು ಕೇಳಿದ್ದಾರೆ. ಮೀನು ಮಾರಲು ಬರುವ ಕೊಂಕಣಿ ಹೆಂಗಸಿಗೆ ಒಂದಕ್ಷರ ಕನ್ನಡ ಬಾರದು, ಅವಳೂ ಬುಟ್ಟಿ ಇಳಿಸಿ ಬಾಗಿಲಲ್ಲಿ ಕೂತು ಕೇಳಿ ಹೋಗುತ್ತಾಳೆ. ಕೇಳದೆ ಇರುವವನು ಒಬ್ಬನೇ, ಅವಳ ಗಂಡ ಗುರುಲಿಂಗ. ಒಂದೇ ಸೂರಿನಡಿ ಬಾಳುವೆ ಮಾಡುತ್ತಿದ್ದರೂ ಹನ್ನೊಂದು ವರ್ಷದಿಂದ ಅವನ ಕಿವಿಗೆ ಹೆಂಡತಿಯ ಹಾಡಿನ ಒಂದು ಎಳೆಯೂ ಬಿದ್ದಿಲ್ಲ.

ತಪ್ಪು ಅವನದೇ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ಗುರುಲಿಂಗನ ಕೆಲಸ ಜನರೇಟರ್ ನೋಡಿಕೊಳ್ಳುವುದು. ಗೋವಾದಲ್ಲಿ ಎಲ್ಲಿ ಮದುವೆ, ಎಲ್ಲಿ ಸಂಗೀತ, ಎಲ್ಲಿ ಕಂಪನಿಯವರ ಕುಣಿತ ಇದ್ದರೂ ಅವನ ಸೇಟನ ಲಾರಿ ಎರಡು ಜನರೇಟರ್ ಹೊತ್ತು ಅಲ್ಲಿಗೆ ಹೋಗುತ್ತದೆ. ಲಾರಿಯ ಹಿಂದೆ ಗುರುಲಿಂಗನೂ ಹೋಗುತ್ತಾನೆ. ವೇದಿಕೆಯ ಹಿಂದೆ, ಯಾರಿಗೂ ಕಾಣದ, ಸದ್ದು ಯಾರಿಗೂ ಮುಟ್ಟದ ದೂರದಲ್ಲಿ ಮಿಷನ್ ಇಡಿಸಿ ಅದರ ಪಕ್ಕ ಕೂರುತ್ತಾನೆ. ಮಿಷನ್ನಿನ ಮೈಮೇಲೆ ‘ಸೈಲೆಂಟ್’ ಎಂದು ದೊಡ್ಡದಾಗಿ ಬರೆದಿರುತ್ತದೆ. ಬರೆದವನು ಒಂದು ದಿನವಾದರೂ ಅದರ ಪಕ್ಕ ಕೂತಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ದೊಡ್ಡ ದೊಡ್ಡ ಗಾಯಕರ ಕಾರ್ಯಕ್ರಮಕ್ಕೆ ಅವನು ಕರೆಂಟ್ ಕೊಟ್ಟಿದ್ದಾನೆ, ಒಂದು ಹಾಡನ್ನೂ ಕೇಳಿಲ್ಲ. ಕಾರ್ಯಕ್ರಮ ಚಲೋ ಆದರೆ ಹಾಡಿದವರಿಗೆ ಚಪ್ಪಾಳೆ, ಕರೆಂಟ್ ಹೋದರೆ ಜನರೇಟರಿನವನಿಗೆ ಬೈಗುಳ. ಅವನಿಗೆ ಬೈಗುಳ ಬಿದ್ದಿಲ್ಲ. ಇಪ್ಪತ್ತು ವರ್ಷದಲ್ಲಿ ಅವನ ಕೈಯಲ್ಲಿದ್ದ ಯಾವ ಕಾರ್ಯಕ್ರಮದಲ್ಲೂ ಒಂದು ಗಳಿಗೆ ಕರೆಂಟ್ ಹೋದದ್ದಿಲ್ಲ, ಆ ಒಂದು ಸೊಕ್ಕು ಅವನಿಗಿತ್ತು.

ಹನ್ನೊಂದು ವರ್ಷದ ಹಿಂದೆ, ಡಿಸೆಂಬರಿನ ಸೀಜನ್ನಿನಲ್ಲಿ, ಮೂರು ದಿನ ಒಂದೇ ಸಮನೆ ದುಡಿದು ಬೆಳಿಗ್ಗೆ ಮನೆಗೆ ಬಂದ. ಕಿವಿಯಲ್ಲಿ ಇನ್ನೂ ಇಂಜಿನ್ ಓಡುತ್ತಿತ್ತು. ಯಲ್ಲವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ತನ್ನಷ್ಟಕ್ಕೆ ಹಾಡುತ್ತಿದ್ದಳು. ಅವಳ ಕಂಠ ಕೇಳಿಯೇ ಅವಳನ್ನು ಮದುವೆಯಾದವನು ಇವನು. ಅಂಥವನೇ ಅಂದುಬಿಟ್ಟ:

“ಏ, ಸಾಕ ಮಾಡ! ಮೂರು ದಿನದಿಂದ ಗದ್ಲ ಕೇಳಿ ಕೇಳಿ ತಲಿ ಸಿಡ್ಯಾಕತ್ತೈತಿ. ಮನ್ಯಾಗ ನಿಂದೊಂದು ಗದ್ಲ ಬ್ಯಾರೆ.”

ಯಲ್ಲವ್ವ ಅವನ ಮುಖ ನೋಡಿದಳು. “ಆತು ಬಿಡ್ರಿ” ಅಂದಳು.

ಅಷ್ಟೇ. ಅವಳು ಅಳಲಿಲ್ಲ, ತವರಿಗೆ ಹೋಗಲಿಲ್ಲ, ಊಟಕ್ಕೆ ಬಡಿಸುವುದನ್ನು ಬಿಡಲಿಲ್ಲ. ನಗುತ್ತಿದ್ದಳು, ಜಗಳ ಆಡುತ್ತಿದ್ದಳು, ಅವನಿಗೆ ಜ್ವರ ಬಂದಾಗ ತಲೆಯ ಹತ್ತಿರ ಕೂತು ಬೆಳಗು ಮಾಡುತ್ತಿದ್ದಳು. ಅವನ ಕಿವಿ ಇದ್ದಲ್ಲಿ ಹಾಡುವುದನ್ನು ಮಾತ್ರ ಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಆ ಗಾದೆಯನ್ನು ಗುರುಲಿಂಗ ಸಣ್ಣವನಿದ್ದಾಗಿನಿಂದ ಕೇಳಿದ್ದ. ಅರ್ಥವಾಗಲು ಆರು ತಿಂಗಳು ಹಿಡಿಯಿತು.

ಆಮೇಲೆ ಶುರುವಾಯಿತು ನೋಡಿ ಅವನ ಪಡಿಪಾಟಲು. ಓಣಿಯ ಬಾಯಲ್ಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಬೆಕ್ಕಿನಂತೆ ನಡೆದು ಬರುತ್ತಿದ್ದ. ಅವನ ಹೆಜ್ಜೆ ಅವಳಿಗೆ ಹೇಗೆ ಗೊತ್ತಾಗುತ್ತಿತ್ತೋ, ನಾಲ್ಕು ಮನೆ ಆಚೆಗಿರುವಾಗಲೇ, ಕಿವಿಗೆ ಬೀಳುವ ಮೊದಲೇ, ಹಾಡು ನಿಲ್ಲುತ್ತಿತ್ತು. ಒಮ್ಮೆ ಬಾಯಿಬಿಟ್ಟು ಕೇಳಿಯೂ ಕೇಳಿದ, “ಯಾಕ ಹಾಡೂದಿಲ್ಲ ನೀನು?” ಅವಳು ಅಕ್ಕಿ ಆರಿಸುತ್ತ, “ಗದ್ಲ ಆಕ್ಕೈತ್ರಿ” ಅಂದಳು. ಸಿಟ್ಟಿಲ್ಲದ ಧ್ವನಿಯಲ್ಲಿ ಅಂದದ್ದೇ ಅವನಿಗೆ ಹೆಚ್ಚು ಚುಚ್ಚಿತು. ಆಗಲೇ ‘ತಪ್ಪಾತು’ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಗಂಡಸರ ನಾಲಗೆ, ಬೈಯಲು ಹಗುರ, ತಪ್ಪೊಪ್ಪಲು ಭಾರ. ಹಾಗೇ ಹನ್ನೊಂದು ವರ್ಷ ಹೋದವು.

ಈ ಸಲದ ನವೆಂಬರಿನಲ್ಲಿ ವಾಸ್ಕೋದ ಮೈದಾನದಲ್ಲಿ ಕನ್ನಡದವರ ರಾಜ್ಯೋತ್ಸವ. ಅಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ ಪವಮಾನ ರಾಯರು, ಧಾರವಾಡ ಕಡೆಯವರು, ಬ್ಯಾಂಕಿನಲ್ಲಿ ದೊಡ್ಡ ಕೆಲಸ. ಅವರು ಕಾರ್ಯಕ್ರಮದ ಪಟ್ಟಿ ತಂದು ಗುರುಲಿಂಗನ ಕೈಗಿಟ್ಟರು. ಯಾವ ಹೊತ್ತಿಗೆ ಎಷ್ಟು ಕರೆಂಟ್ ಬೇಕೆಂದು ಜನರೇಟರಿನವನಿಗೆ ಗೊತ್ತಿರಬೇಕಲ್ಲ. ಗುರುಲಿಂಗ ಬೆರಳಿಟ್ಟು ಓದುತ್ತ ಬಂದ. ಮಕ್ಕಳ ನೃತ್ಯ, ಸನ್ಮಾನ... ಆಮೇಲೆ ಬೆರಳು ನಿಂತಿತು. ‘ನಾಲ್ಕೂವರೆ: ಜಾನಪದ ಗೀತೆ. ಯಲ್ಲವ್ವ ಮತ್ತು ಸಂಗಡಿಗರು, ಸಡಾ.’

ಮನೆಗೆ ಬಂದವನೇ ಕೇಳಿದ. “ಭಾನುವಾರ ಹಾಡ್ತೀಯಂತ?”

“ಹೂನ್ರಿ. ದ್ರಾಕ್ಷಾಯಿಣಿ ಬೆನ್ನು ಬಿಡಲಿಲ್ಲ.”

“ಅಲ್ಲಿ ಜನರೇಟರ್ ನಂದ.”

ಯಲ್ಲವ್ವ, “ಹಂಗಾರ ನಿಮಗ ಕೇಳ್ಸೂದಿಲ್ಲ ಬಿಡ್ರಿ” ಅಂದಳು. ಅದರಲ್ಲಿ ನಿರಾಳವಿತ್ತೋ ನಿರಾಸೆಯಿತ್ತೋ, ಎಷ್ಟು ಯೋಚಿಸಿದರೂ ಗುರುಲಿಂಗನಿಗೆ ಬಗೆಹರಿಯಲಿಲ್ಲ. ಒಂದನ್ನು ಮಾತ್ರ ನಿರ್ಧಾರ ಮಾಡಿಕೊಂಡ. ಈ ಸಲ ಕೇಳಲೇಬೇಕು. ಇಪ್ಪತ್ತು ವರ್ಷದಲ್ಲಿ ಮಾಡದ್ದನ್ನು ಮಾಡಿ, ಮಿಷನ್ ಬಿಟ್ಟು ಹೋಗಿ, ಮಂದಿಯ ಜೊತೆ ಕುರ್ಚಿಯಲ್ಲಿ ಕೂತು ಕೇಳಬೇಕು.

ಭಾನುವಾರ ಬೆಳಿಗ್ಗೆ ಏಳಕ್ಕೇ ಮೈದಾನಕ್ಕೆ ಬಂದ. ಮೈದಾನದ ಹಿಂದೆ ಒಂದು ಉದ್ದನೆಯ ಗೋಡೆ, ಗೋಡೆಯಾಚೆ ಎರಡೂ ಮಿಷನ್. ಮೈಕಿಗೆ ಒಂದು ವೈರು, ದೀಪ ಮತ್ತು ಫ್ಯಾನಿಗೆ ಬೇರೊಂದು ವೈರು. ಒಂದು ಕೆಟ್ಟರೆ ಇನ್ನೊಂದು ಬದುಕಬೇಕು. ವೇದಿಕೆಯ ಸುತ್ತ ಖಾಲಿ ಬಿದ್ದಿದ್ದ ಪ್ಲಗ್ಗುಗಳ ಬಾಯಿಗೆಲ್ಲ ಟೇಪು ಬಡಿದ. ಬಡಿದರೇನು, ಮಧ್ಯಾಹ್ನ ನೋಡುತ್ತಾನೆ, ಗಿರಮಿಟ್ಟು ಮಿರ್ಚಿ ಭಜಿ ಅಂಗಡಿಯವನು ಟೇಪು ಕಿತ್ತು ಮೈಕಿನ ವೈರಿಗೇ ಚಹಾದ ಹೀಟರ್ ಸಿಗಿಸಿದ್ದಾನೆ! “ಅಲ್ಲೋ ಪುಣ್ಯಾತ್ಮ, ನಿನ್ನ ಒಂದು ಕಪ್ ಚಾಕ್ಕ ಅಲ್ಲಿ ಇಡೀ ಕಾರ್ಯಕ್ರಮ ಮುಳುಗ್ತೈತಲ್ಲೋ” ಎಂದು ಹೀಟರ್ ಕಿತ್ತು ಅವನ ಕೈಗೇ ಕೊಟ್ಟ. ಎರಡು ಗಂಟೆಗೆ ಎಲ್ಲ ದೀಪ, ಎಲ್ಲ ಫ್ಯಾನು, ಎಲ್ಲ ಮೈಕು ಒಟ್ಟಿಗೆ ಹಾಕಿಸಿ ಮಿಷನ್ ಎಷ್ಟು ಎಳೆಯುತ್ತದೆ ನೋಡಿದ. ಒಂದು ಮಿಷನ್ ಕೆಲಸ ಮಾಡುತ್ತದೆ, ಇನ್ನೊಂದು ಬಿಸಿಯಾಗಿ ಭಾರವಿಲ್ಲದೆ ಸುಮ್ಮನೆ ತಿರುಗುತ್ತಿರುತ್ತದೆ, ಮೊದಲನೆಯದಕ್ಕೆ ಏನಾದರೂ ಆದರೆ ಹೆಗಲು ಕೊಡಲು. ಅದು ಅವನ ಪದ್ಧತಿ.

ಲಾರಿ ಓಡಿಸುವ ಇಲಿಯಾಸ ಅವನ ಜೊತೆಗಾರ. ಸವಣೂರಿನವನು, ನಂಬಿಗಸ್ತ. ಮಿಷನ್ ಚಾಲೂ ಮಾಡಲು, ನಿಲ್ಲಿಸಲು ಬರುತ್ತಿತ್ತು. ಎರಡನ್ನೂ ಜೋಡಿಸಿ ಕರೆಂಟ್ ಕಡಿಯದಂತೆ ಭಾರ ದಾಟಿಸುವ ವಿದ್ಯೆ ಬರುತ್ತಿರಲಿಲ್ಲ.

“ಇಲಿಯಾಸಾ, ನಾಲ್ಕೂವರಿಗೆ ಒಂದ್ ಹತ್ತು ನಿಮಿಷ ಇಲ್ಲಿ ನಿಲ್ಲಬೇಕಪಾ ನೀನು.”

“ವೈನಿ ಹಾಡಾಕತ್ತಾರಂತಲ್ಲಣ್ಣಾ! ಹೋಗ್ರಿ, ನಾ ಅದೇನಿ. ಹತ್ತ ನಿಮಿಷದಾಗ ಏನಾಕ್ಕೈತಿ?”

ಏನಾಗುತ್ತದೆ ಅಂದರೆ, ನಾಲ್ಕಕ್ಕೆ ನೋಡಿದಾಗ ಮೊದಲನೆಯ ಮಿಷನ್ನಿನ ಡೀಸೆಲ್ ಮುಗಿಯುತ್ತ ಬಂದಿತ್ತು. ಹೊಸ ಡೀಸೆಲ್ ತರುತ್ತಿದ್ದ ಟೆಂಪೊ ವೆರ್ಣಾದಲ್ಲಿ ಟ್ರಾಫಿಕ್ಕಿಗೆ ಸಿಕ್ಕಿತ್ತು. ಅಲ್ಲಿದ್ದದ್ದು ಒಂದೇ ಡ್ರಮ್ಮು, ಅದರಲ್ಲೂ ತಳದ ಡೀಸೆಲ್. ಮಳೆಗಾಲವಿಡೀ ಹೊರಗೆ ನಿಂತ ಡ್ರಮ್ಮಿನ ತಳದಲ್ಲಿ ನೀರು ಇಳಿದಿರುತ್ತದೆ. ಒಂದು ಗೇಣು ಡೀಸೆಲ್ ತಳದಲ್ಲೇ ಬಿಡಬೇಕೆಂದು ಎಷ್ಟು ಜನ ಹುಡುಗರಿಗೆ ಗುರುಲಿಂಗನೇ ಕಿವಿ ಹಿಂಡಿ ಕಲಿಸಿದ್ದನೋ. ಟೆಂಪೊ ಬರುವವರೆಗೆ ಕಾದರೆ ನಾಲ್ಕೂವರೆ ಮೀರುತ್ತದೆ. ಕಾಯದೆ ಹೋದರೆ ಕುರ್ಚಿಯಲ್ಲಿ ಕೂತರೂ ಮನಸ್ಸು ಟ್ಯಾಂಕಿನಲ್ಲೇ ಇರುತ್ತದೆ. “ಹಾಕಿಬಿಡ” ಅಂದ.

“ಅಣ್ಣಾ, ತಳದ್ದು...”

“ಹಾಕಂದ್ರ ಹಾಕ. ಏನೂ ಆಗೂದಿಲ್ಲ.”

ಆತುರಗಾರನಿಗೆ ಬುದ್ಧಿ ಮಟ್ಟ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಗುರುಲಿಂಗ ಅವರ ಏಳು ತಲೆಮಾರು ಎಣಿಸುತ್ತಿದ್ದ.

ಕೈ ತೊಳೆದು, ಕೂದಲು ಒತ್ತಿಕೊಂಡು, ಗೋಡೆ ಸುತ್ತಿ ಮೈದಾನಕ್ಕೆ ಬಂದ. ಪವಮಾನ ರಾಯರು, “ಏನ್ರಿ ಗುರುಲಿಂಗಪ್ಪ, ಇವತ್ತು ನೀವೂ ಪ್ರೇಕ್ಷಕರೇನು?” ಎಂದು ನಕ್ಕು ಎರಡನೆಯ ಸಾಲಿನ ಮೂಲೆಯಲ್ಲಿ, ಉದ್ದ ಕಾಲಿನ ಫ್ಯಾನಿನ ಪಕ್ಕ ಕೂರಿಸಿದರು. ಶಾಮಿಯಾನಾದ ಕೆಳಗೆ ಸಾವಿರ ಜನ. ಝುವಾರಿನಗರದಿಂದ ಬಂದವರು, ಸಾವರ್ಡೆಯಿಂದ ರೈಲು ಹತ್ತಿ ಬಂದವರು. ಇಷ್ಟು ವರ್ಷ ಯಾರಿಗಾಗಿ ಕರೆಂಟ್ ಕೊಟ್ಟನೋ ಅವರ ಮುಖವನ್ನು ಗುರುಲಿಂಗ ಇವತ್ತೇ ಹತ್ತಿರದಿಂದ ನೋಡಿದ್ದು.

ಐದು ಜನ ಹೆಂಗಸರು ವೇದಿಕೆಗೆ ಬಂದರು. ನಡುವೆ ಯಲ್ಲವ್ವ, ಹಸಿರು ಇಳಕಲ್ ಸೀರೆಯಲ್ಲಿ. ಪಕ್ಕದಲ್ಲಿ ದ್ರಾಕ್ಷಾಯಿಣಿ ತಾಳ ಹಿಡಿದಿದ್ದಳು. ಯಲ್ಲವ್ವ ಮೈಕಿನ ಮುಂದೆ ನಿಂತು ಜನರತ್ತ ಕಣ್ಣು ಹಾಯಿಸಿದಳು. ಕಣ್ಣು ಮೂಲೆಗೆ ಬಂತು, ನಿಂತಿತು. ಸೆರಗು ಸರಿಮಾಡುತ್ತಿದ್ದ ಕೈಯೂ ಅಲ್ಲೇ ನಿಂತಿತು.  ಈಗ ಇಳಿದು ಹೋಗಿಬಿಟ್ಟಾಳೇನೋ ಎಂದು ಗುರುಲಿಂಗ ಹೆದರಿದ.

ಇಳಿಯಲಿಲ್ಲ. ಅವನನ್ನೇ ನೋಡುತ್ತ ದನಿ ತೆಗೆದಳು.

“ಹಡಗ ಬಂದಾವಂತ ಬಂದರಕ ಹೋಗಬ್ಯಾಡ
ಬಿಡುವಾಗಿ ಬಾರೊ ಮನಿತನಕ, ನನ ರಾಯ...”

ಅಯ್ಯೋ ದೇವರೇ, ಎಂಥ ಕಂಠ! ಹನ್ನೊಂದು ವರ್ಷದಲ್ಲಿ ಅದು ಸ್ವಲ್ಪ ಒರಟಾಗಿತ್ತು, ಸ್ವಲ್ಪ ಇಳಿದಿತ್ತು, ಅದಕ್ಕೇ ಇನ್ನೂ ಆಳಕ್ಕೆ ಹೋಗಿ ನಾಟುತ್ತಿತ್ತು. ಇದು ಅವ್ವಂದಿರಿಂದ ಬಂದ ಪದವಲ್ಲ, ಅವಳೇ ಕಟ್ಟಿದ್ದು. ಹಡಗು, ಬಂದರು, ಮನೆಗೆ ಬಾರದ ರಾಯ, ಇವು ಸಡಾದವು, ಇವು ತನ್ನವು ಎಂದು ಗುರುಲಿಂಗನಿಗೆ ತಿಳಿಯಿತು.  ತಿರುಗಿ ಎರಡೂ ಸಾಲು ಹಾಡಿದಳು, ಸಂಗಡಿಗರು ದನಿಗೂಡಿಸಿದರು. ಇನ್ನು ಮೂರನೆಯ ಸಾಲು ಬರಬೇಕು. ತ್ರಿಪದಿಯಲ್ಲಿ ಹೇಳಬೇಕಾದ ಮಾತೆಲ್ಲ ಇರುವುದು ಅದರಲ್ಲೇ.

ಆಗ ಪಕ್ಕದ ಫ್ಯಾನಿನ ಸದ್ದು ಒಂದು ಎಳೆ ಇಳಿಯಿತು. ಮತ್ತೆ ಏರಿತು. ಮತ್ತೆ ಇಳಿಯಿತು.

ಸಾವಿರ ಜನರಲ್ಲಿ ಯಾರೂ ಗಮನಿಸಲಿಲ್ಲ. ಗುರುಲಿಂಗನಿಗೆ ತಿಳಿದುಹೋಯಿತು. ತಳದ ನೀರು ಇಂಜಿನ್ನಿಗೆ ಮುಟ್ಟಿದೆ. ಮಿಷನ್ ಉಸಿರಿಗೆ ಒದ್ದಾಡುತ್ತಿದೆ. ಹೆಚ್ಚೆಂದರೆ ಎರಡು ನಿಮಿಷ, ಆಮೇಲೆ ಮೈಕು ಸಾಯುತ್ತದೆ. ಹುಟ್ಟಿ ಮೊದಲ ಸಲ ವೇದಿಕೆ ಹತ್ತಿದವಳು ಸಾವಿರ ಜನರೆದುರು ಬಾಯಿ ತೆರೆದುಕೊಂಡು ನಿಲ್ಲಬೇಕು, ಮಂದಿ ಸಿಳ್ಳೆ ಹೊಡೆಯಬೇಕು, ಅದೂ ಅವಳ ಗಂಡನ ಮಿಷನ್ನಿನಿಂದ. ಇಲಿಯಾಸನಿಗೆ ಫೋನ್ ಮಾಡಿದರೆ ಆ ಸದ್ದಿನಲ್ಲಿ ಕೇಳಿಸುವುದಿಲ್ಲ. ಕೇಳಿಸಿದರೂ ಅವನಿಗೆ ಜೋಡಿಸಲು ಬಾರದು.

ಗುರುಲಿಂಗ ಎದ್ದ. ಏಳುವಾಗ ವೇದಿಕೆಯ ಕಡೆ ನೋಡಿದ, ನೋಡಬಾರದಿತ್ತು. ಯಲ್ಲವ್ವ ಅವನನ್ನೇ ನೋಡುತ್ತಿದ್ದಳು. ಬೆನ್ನು ತಿರುಗಿಸಿ ಓಡಿದ.

ಗೋಡೆಯಾಚೆ ಇಲಿಯಾಸ ಮಿಷನ್ನಿನ ಸುತ್ತ ಗಾಬರಿಯಿಂದ ಓಡಾಡುತ್ತಿದ್ದ. ಗುರುಲಿಂಗ ಅವನನ್ನು ಬದಿಗೆ ಸರಿಸಿ ಎರಡನೆಯ ಮಿಷನ್ನಿನ ವೇಗ ಏರಿಸಿದ. ಪೆಟ್ಟಿಗೆಯ ಮೇಲೆ ಮೂರು ಸಣ್ಣ ದೀಪ. ಎರಡೂ ಮಿಷನ್ನಿನ ಓಟ ಸಮವಾದ ಗಳಿಗೆಗೆ ಮೂರೂ ಆರುತ್ತವೆ, ಆ ಗಳಿಗೆಗೇ ಹಿಡಿ ಎಳೆಯಬೇಕು. ಒಂದು ಕ್ಷಣ ತಪ್ಪಿದರೆ ಎರಡೂ ಕೆಟ್ಟು ಕೂರುತ್ತವೆ. ಮೊದಲನೆಯದು ಕುಂಟುತ್ತ ಓಡುತ್ತಿದ್ದದ್ದರಿಂದ ದೀಪಗಳೂ ಹುಚ್ಚು ಹಿಡಿದಂತೆ ಮಿನುಗುತ್ತಿದ್ದವು. ಗುರುಲಿಂಗ ಕಣ್ಣು ಕಿರಿದು ಮಾಡಿ, ಉಸಿರು ಹಿಡಿದು ಕಾದ. ಆರಿದವು. ಎಳೆದ. ಭಾರ ದಾಟಿತು. ಮೊದಲನೆಯ ಮಿಷನ್ ನಾಲ್ಕು ಸಲ ಕೆಮ್ಮಿ ನಿಂತುಹೋಯಿತು.

ಮೈದಾನದಲ್ಲಿ ಒಂದು ದೀಪವೂ ಕಣ್ಣು ಮಿಟುಕಿಸಲಿಲ್ಲ. ಚಪ್ಪಾಳೆಯ ಸದ್ದು ಗೋಡೆ ದಾಟಿ ತೆಳ್ಳಗೆ ಬಂತು. ಹಾಡು ಮುಗಿದಿತ್ತು.

“ಭೇಷ್ ಅಣ್ಣಾ! ಒಬ್ಬರಿಗೂ ಗೊತ್ತಾಗಲಿಲ್ಲ!” ಎಂದು ಇಲಿಯಾಸ ಕುಣಿದ.

ಹೌದು, ಒಬ್ಬರಿಗೂ ಗೊತ್ತಾಗಲಿಲ್ಲ. ಅದೇ ಗುರುಲಿಂಗನಿಗೆ ಈಗ ಹೊಳೆದದ್ದು. ಕರೆಂಟ್ ಹೋಗಿದ್ದರೆ ಅವನು ಯಾಕೆ ಎದ್ದನೆಂದು ಅವಳಿಗೆ ತಿಳಿಯುತ್ತಿತ್ತು. ಹೋಗಲಿಲ್ಲ. ಅವಳು ಕಂಡದ್ದು ಇಷ್ಟೇ: ಹನ್ನೊಂದು ವರ್ಷದ ಮೇಲೆ ಗಂಡನೆದುರು ಬಾಯಿ ತೆರೆದಳು, ಮೂರನೆಯ ಸಾಲಿಗೆ ಬರುವ ಮೊದಲೇ ಅವನು ಎದ್ದು ಹೋದ. ಗುರುಲಿಂಗ ಕೆಟ್ಟ ಮಿಷನ್ನಿನ ಬಾಗಿಲು ತೆಗೆದು, ಡೀಸೆಲ್ ಸೋಸುವ ಡಬ್ಬಿ ಬಿಚ್ಚಿ, ಗಂಜಿಯಂಥ ನೀರು ಚೆಲ್ಲುತ್ತ ಕೂತ. ಕೆಲಸವಿತ್ತೆಂದು ಬಚಾವಾದ, ಇಲ್ಲದಿದ್ದರೆ ಇಲಿಯಾಸನ ಮುಂದೆ ಅತ್ತುಬಿಡುತ್ತಿದ್ದ.

ಅರ್ಧ ಗಂಟೆಯ ಮೇಲೆ ಇಲಿಯಾಸ ಡೀಸೆಲ್ ಇಳಿಸಿಕೊಳ್ಳಲು ಗೇಟಿಗೆ ಹೋದ. ಗೋಡೆ ಸುತ್ತಿ ಯಲ್ಲವ್ವ ಬಂದಳು, ಕೈಯಲ್ಲಿ ಕಾಗದದಲ್ಲಿ ಸುತ್ತಿದ ಮಿರ್ಚಿ ಭಜಿ. ಸೆರಗನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಗಂಡ ಕೆಲಸ ಮಾಡುವ ಜಾಗಕ್ಕೆ ಅವಳು ಬಂದದ್ದು ಇದೇ ಮೊದಲು. ಇಂಜಿನ್ನಿನ ಸದ್ದಿಗೆ ಹತ್ತಿರ ಬಂದು ಒದರಿದಳು, “ತಿನ್ರಿ! ಮಧ್ಯಾಹ್ನ ಉಂಡಿಲ್ಲಂತ!”

ಗುರುಲಿಂಗ ಎದ್ದು ನಿಂತ. ಮೊಣಕೈತನಕ ಕರಿ ಎಣ್ಣೆ. ಅವನೂ ಒದರಿದ. “ಯಲ್ಲವ್ವಾ, ನಾ ಸುಮ್ಮನ ಎದ್ದು ಹೋಗಿಲ್ಲ! ಮಿಷನ್ ಕೆಟ್ಟಿತ್ತು! ನಿನ್ನ ಮೈಕ್ ಹೋಗ್ತಿತ್ತು!”

ಅವಳು ನಿಂತುಹೋದ ಮಿಷನ್ ನೋಡಿದಳು, ನೆಲದ ಮೇಲಿನ ಕೊಳಕು ನೀರು ನೋಡಿದಳು, ಅವನ ಕೈ ನೋಡಿದಳು.

“ತಪ್ಪಾತು” ಎಂದು ಗುರುಲಿಂಗ ಮತ್ತೆ ಒದರಿದ. ಹನ್ನೊಂದು ವರ್ಷ ಬಾಯಿಗೆ ಬಾರದ್ದು ಅರಚಾಟದಲ್ಲಿ ಬಂತು. “ಅವತ್ತು ನಾ ಅಂದದ್ದು ತಪ್ಪಾತು! ಗದ್ಲ ಅಲ್ಲ ಅದು! ಅದನ್ನ ಕೇಳಬೇಕಂತ ಜೀವ ಹೋಗಾಕತ್ತೈತಿ!”

ಯಲ್ಲವ್ವನ ಕಣ್ಣು ತುಂಬಿತು. ಆದರೂ ಅವಳು ಯಲ್ಲವ್ವ. “ಮೈಕ್ ಹೋಗಿದ್ರ ಹೋಗ್ತಿತ್ತು! ಇಷ್ಟು ವರ್ಷ ಯಾವ ಮೈಕಿನ್ಯಾಗ ಹಾಡೇನಿ? ಮೈಕ್ ಇಲ್ಲದ ಹಾಡಾಕ ಬರ್ತೈತಿ ನನಗ. ನೀವು ಕೂತಿರಬೇಕಿತ್ತು, ಅಷ್ಟ!”

“ಮೂರನೇ ಸಾಲು ಏನು?”

“ಹಾಡಲಿಲ್ಲ! ಎದ್ದು ಹೋದ್ರಲ್ಲ, ಯಾರಿಗೆ ಹಾಡ್ಲಿ? ಎರಡರಾಗ ಮುಗಿಸಿದೆ!”

“ಈಗ ಹೇಳ!”

ಯಲ್ಲವ್ವ ಓಡುತ್ತಿದ್ದ ಮಿಷನ್ನಿನ ಕಡೆ ನೋಡಿದಳು. “ಇಲ್ಲಿ ಹಾಡಿದ್ರ ನಿಮಗ ಕೇಳಸ್ತೈತೇನು?”

“ಇಲ್ಲ!”

“ಹಂಗಾರ ಹಾಡ್ತೇನಿ” ಅಂದಳು. ಅವನು ಅದನ್ನು ತುಟಿ ನೋಡಿ ತಿಳಿದುಕೊಂಡ.

ಭಜಿಯನ್ನು ಡ್ರಮ್ಮಿನ ಮೇಲಿಟ್ಟು, ಕಣ್ಣು ಮುಚ್ಚಿ ಹಾಡತೊಡಗಿದಳು. ಒಂದು ಮಾರು ದೂರದಲ್ಲಿ ಅವಳು ಹಾಡುತ್ತಿದ್ದಳು, ಗುರುಲಿಂಗನಿಗೆ ಇಂಜಿನ್ ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಗಂಟಲಿನ ನರ ಉಬ್ಬುವುದು, ತುಟಿ ಕೂಡಿ ಬಿಡುವುದು, ಕಣ್ಣೀರು ಗದ್ದಕ್ಕೆ ಇಳಿಯುವುದು ಎಲ್ಲ ಕಾಣುತ್ತಿತ್ತು. ತುಟಿಯ ಆಕಾರದಲ್ಲಿ ‘ಹಡಗ’ ಓದಿದ, ‘ಮನಿತನಕ’ ಓದಿದ. ಇನ್ನು ಎರಡು ಉಸಿರಿಗೆ ಮೂರನೆಯದು. ಅದೂ ಹೀಗೇ ಹೋದರೆ? ಇವಳು ಇನ್ನೊಮ್ಮೆ ಈ ಗಟ್ಟಿ ಮನಸ್ಸನ್ನು ಸಡಿಲಿಸಲು ಇನ್ನೆಷ್ಟು ವರ್ಷ ಬೇಕು?

ಮಿಷನ್ನಿನ ಬದಿಯಲ್ಲಿ ಕೆಂಪು ಗುಂಡಿ ಇತ್ತು, ಬೆಂಕಿ ಬಿದ್ದರೆ ಒತ್ತುವುದು. ಇಡೀ ಮೈದಾನದ ಕರೆಂಟ್ ಈಗ ಆ ಒಂದೇ ಮಿಷನ್ನಿನ ಮೇಲಿತ್ತು. ವೇದಿಕೆಯಲ್ಲಿ ಮುಖ್ಯ ಅತಿಥಿಗಳು ಇಪ್ಪತ್ತು ನಿಮಿಷದಿಂದ ಭಾಷಣ ಮಾಡುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಒಂದು ಗಳಿಗೆ ಕರೆಂಟ್ ಕಳೆಯದ ಗುರುಲಿಂಗ ಎಣ್ಣೆಗೈಯಿಂದ ಆ ಗುಂಡಿ ಒತ್ತಿದ.

ಇಂಜಿನ್ ಕುಸಿಯಿತು, ಗೊಣಗಿತು, ನಿಂತಿತು. ಗೋಡೆಯಾಚೆ ಅತಿಥಿಗಳ ಮಾತು ಅರ್ಧ ಪದದಲ್ಲಿ ಕಡಿಯಿತು. ಯಲ್ಲವ್ವ ಕಣ್ಣು ತೆರೆದಳು. ಗಂಡ ಅವಳ ಮುಂದೆ, ಡೀಸೆಲ್ ಚೆಲ್ಲಿದ ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದ.

ಅವಳು ನಿಲ್ಲಿಸಲಿಲ್ಲ.

“...ಸಡಲಿ ಹೋದಾವ ಜಡಿಹೂವ.”

ಮೈದಾನದಿಂದ ಕೂಗು ಎದ್ದಿತು. “ಕರೆಂಟ್! ಏ, ಕರೆಂಟ್!” ಸಿಳ್ಳೆಗಳು, ಕುರ್ಚಿ ಸರಿಸುವ ಸದ್ದು, ಗುರುಲಿಂಗನ ಜೇಬಿನಲ್ಲಿ ಒಂದೇ ಸಮನೆ ಹೊಡೆದುಕೊಳ್ಳುವ ಫೋನು. ಅವನು ಎರಡೂ ಕೈ ತೊಡೆಯ ಮೇಲಿಟ್ಟು ಅಳುತ್ತಿದ್ದ.

“ಇನ್ನೊಮ್ಮೆ ಹಾಡ” ಅಂದ.

“ಮಂದಿ ಬೈಯಾಕತ್ತಾರ್ರೀ.”

“ಬೈಲಿ. ನೀ ಹಾಡ.”

ಪವಮಾನ ರಾಯರು ಧೋತರ ಎತ್ತಿ ಹಿಡಿದು ಗೋಡೆ ಸುತ್ತಿ ಓಡಿ ಬರುವಷ್ಟರಲ್ಲಿ ಅವಳು ಮೊದಲಿನಿಂದ ಶುರುಮಾಡಿದ್ದಳು.